ಬಟ್ಟೆ ಮೇಲೂ ಪ್ರೀತಿ, ಕೆಲಸಕ್ಕೂ ಮರ್ಯಾದೆ: ಉದ್ಯೋಗಸ್ಥ ಹೆಣ್ಣುಮಕ್ಕಳಿಗೊಂದು ಸಮಗ್ರ ಮಾರ್ಗದರ್ಶಿ

ಕೆಲಸಕ್ಕೆ ಸೇರಿ ಎರಡನೇ ವರ್ಷ. ಹಿರಿಯರೆಲ್ಲ ಕೂತಿದ್ದ ಮೀಟಿಂಗ್‌ನಲ್ಲಿ ಮೊದಲ ಸಲ ಬೋರ್ಡ್ ಮುಂದೆ ನಿಂತಿದ್ದೆ. ತುಂಬಾ ಇಷ್ಟಪಟ್ಟು ಕೊಂಡಿದ್ದ ಟಾಪ್ ತೊಟ್ಟಿದ್ದೆ. ಕಡುಹಸಿರು ಬಣ್ಣ, ಕಾಲರ್ ಅಂಚಿಗೆ ಸಣ್ಣ ಕಸೂತಿ. ಬೆಳಗ್ಗೆ ಕನ್ನಡಿ ಮುಂದೆ ಕೈ ಇಳಿಬಿಟ್ಟು ನಿಂತಾಗ ಎಷ್ಟು ಚೆನ್ನಾಗಿತ್ತು! ಬೋರ್ಡಿನ ಮೇಲ್ಗಡೆ ಬರೆಯಲು ಕೈ ಎತ್ತಿದೆ ನೋಡಿ, ಟಾಪ್ ಸೊಂಟದಿಂದ ಮೇಲೆ ಸರಿಯಿತು. ಎಡಗೈಯಿಂದ ಕೆಳಗೆ ಎಳೆದುಕೊಂಡೆ. ಮತ್ತೆ ಕೈ ಎತ್ತಿದೆ, ಮತ್ತೆ ಸರಿಯಿತು. ಮೂರನೇ ಸಲಕ್ಕೆ ಬರೆಯುವುದನ್ನೇ ಬಿಟ್ಟೆ. ಬೋರ್ಡಿನ ಕೆಳಗಡೆ ನಾಲ್ಕು ಅಂಕಿ ಗೀಚಿ, ಉಳಿದದ್ದನ್ನು ಬಾಯಿಮಾತಿನಲ್ಲೇ ಮುಗಿಸಿದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಬರೆದು ತೋರಿಸದೆ ಅದು ಅರ್ಥವಾಗುವಂಥದ್ದಲ್ಲ. ಯಾರಿಗೂ ಅರ್ಥವಾಗಲಿಲ್ಲ.

ಅವತ್ತಿಂದ ಆರು ತಿಂಗಳು ಬೂದು, ಕಪ್ಪು ಬಿಟ್ಟು ಬೇರೆ ಬಣ್ಣ ತೊಡಲಿಲ್ಲ. ಬಟ್ಟೆ ಮೇಲಿನ ಆಸೆಯಿಂದಲೇ ಹೀಗಾಯ್ತು ಅಂದುಕೊಂಡಿದ್ದೆ. ಆ ಆರು ತಿಂಗಳಲ್ಲಿ ನನ್ನ ಮಾತಿಗೆ ಬೆಲೆಯೇನೂ ಜಾಸ್ತಿ ಆಗಲಿಲ್ಲ. ಬೆಳಗ್ಗೆ ಬೀರು ತೆಗೆಯುವಾಗ ಇರುತ್ತಿದ್ದ ಖುಷಿ ಮಾತ್ರ ಹೋಯಿತು. ಆಮೇಲೊಂದು ದಿನ ವಯಸ್ಸಾದ ಟೈಲರ್ ಒಬ್ಬರಿಗೆ ಆ ಟಾಪ್ ತೋರಿಸಿದೆ. ತೋಳಿನ ಹತ್ತಿರ ಹಿಡಿದು ನೋಡಿ ಹೇಳಿದರು: "ಆರ್ಮ್‌ಹೋಲ್ ತೀರಾ ಕೆಳಗಿದೆ ಮೇಡಂ. ಕೈ ಎತ್ತಿದ್ರೆ ಇಡೀ ಬಟ್ಟೆನೇ ಎತ್ಕೊಂಡು ಬರತ್ತೆ. ಬಟ್ಟೆ ಚೆನ್ನಾಗಿದೆ, ಕಟ್ಟಿಂಗ್ ಸರಿಯಿಲ್ಲ ಅಷ್ಟೆ."

ಈ ಬರಹ ಹುಟ್ಟಿದ್ದು ಆ ಮಾತಿನಿಂದ. ಬಟ್ಟೆಯ ಯೋಚನೆಯನ್ನೆಲ್ಲ ಮನೆಯಲ್ಲೇ ಮುಗಿಸಿಬಿಡಬೇಕು, ಪೂರ್ತಿಯಾಗಿ, ಪ್ರೀತಿಯಿಂದ. ಕೆಲಸದ ಕೋಣೆಗೆ ಕಾಲಿಟ್ಟ ಮೇಲೆ ಅದು ನಿಮ್ಮ ನೆನಪಿಗೂ ಬರಬಾರದು. ಇಷ್ಟು ಸಾಧಿಸುವುದು ಹೇಗೆ ಅಂತ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಶುರು ಮಾಡುವ ಮುನ್ನ ಒಂದು ನಿಜ

ಹೆಂಗಸರ ಬಟ್ಟೆ ಅಳೆಯುವ ಅಳತೆಗೋಲೇ ಬೇರೆ. ಆಸ್ಟ್ರೇಲಿಯಾದ ಟಿವಿ ನಿರೂಪಕ ಕಾರ್ಲ್ ಸ್ಟೆಫಾನೊವಿಕ್ ಒಂದು ವರ್ಷ ಹೆಚ್ಚುಕಮ್ಮಿ ದಿನಾ ಒಂದೇ ನೀಲಿ ಸೂಟ್ ತೊಟ್ಟು ಬೆಳಗಿನ ಕಾರ್ಯಕ್ರಮ ನಡೆಸಿಕೊಟ್ಟರು. 2014ರಲ್ಲಿ ತಾವೇ ಬಾಯಿಬಿಟ್ಟು ಹೇಳುವವರೆಗೂ ಅದು ಸುದ್ದಿಯೇ ಆಗಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಲಿಸಾ ವಿಲ್ಕಿನ್ಸನ್ ಅವರ ಬಟ್ಟೆಗೆ ಮಾತ್ರ ವೀಕ್ಷಕರ ಟೀಕೆ ತಪ್ಪುತ್ತಿರಲಿಲ್ಲ. ಅದನ್ನು ನೋಡಿಯೇ ಕಾರ್ಲ್ ಹೀಗೆ ಮಾಡಿದ್ದು.

ಹಾಗಾದರೆ ಅಲಂಕಾರವೇ ಬೇಡ ಅಂದರೆ ಪಾರಾಗುತ್ತೇವಾ? ಅದೂ ಇಲ್ಲ. ಅಮೆರಿಕದ ಆ್ಯನ್ ಹಾಪ್ಕಿನ್ಸ್ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಯೊಂದರಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದ್ದವರು. ಪಾಲುದಾರರಾಗುವ ಅವಕಾಶ ಕೈತಪ್ಪಿದಾಗ ಅವರಿಗೆ ಸಿಕ್ಕಿದ ಸಲಹೆ ಏನು ಗೊತ್ತಾ? ಇನ್ನಷ್ಟು ಹೆಣ್ಣಿನ ಹಾಗೆ ನಡೆಯಿರಿ, ಮಾತಾಡಿ, ಉಡುಪು ತೊಡಿ, ಮೇಕಪ್ ಮಾಡಿಕೊಳ್ಳಿ, ಒಡವೆ ಹಾಕಿಕೊಳ್ಳಿ. ಅವರು ಕೋರ್ಟಿಗೆ ಹೋದರು. ಹೆಣ್ಣು ಹೀಗೇ ಇರಬೇಕು ಅನ್ನುವ ಪಡಿಯಚ್ಚಿನಿಂದ ಅಳೆಯುವುದೂ ತಾರತಮ್ಯವೇ ಅಂತ 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಿತು.

ಕಮ್ಮಿ ಮಾಡಿದರೂ ಮಾತು, ಜಾಸ್ತಿ ಮಾಡಿದರೂ ಮಾತು. ಎಲ್ಲರ ಬಾಯಿ ಮುಚ್ಚಿಸುವ ಬಟ್ಟೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದ್ದರಿಂದ ಆಸೆಯನ್ನು ಬಲಿ ಕೊಟ್ಟು ಪ್ರಯೋಜನವಿಲ್ಲ. ಅದನ್ನು ಜಾಣತನದಿಂದ ಬಳಸುವುದೇ ಒಳ್ಳೆಯದು.

ಹೆಜ್ಜೆ 1: ಎರಡು ವಾರ ಸುಮ್ನೆ ನೋಡಿ

ಹೊಸ ಕೆಲಸವಾದರೂ ಸರಿ, ಹಳೆಯ ಕೆಲಸವಾದರೂ ಸರಿ, ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಎರಡು ವಾರ ಏನೂ ಕೊಳ್ಳಬೇಡಿ. ದಿನಾ ಸಂಜೆ ಎರಡು ಸಾಲು ಬರೆಯಿರಿ: ಇವತ್ತು ಯಾರ ಮಾತಿಗೆ ಕೋಣೆಯಲ್ಲಿ ತೂಕ ಇತ್ತು? ಅವರು ಏನು ತೊಟ್ಟಿದ್ದರು?

ನಿಮಗಿಂತ ಒಂದೆರಡು ಮೆಟ್ಟಿಲು ಮೇಲಿರುವ ಹೆಂಗಸರನ್ನು ಜಾಸ್ತಿ ಗಮನಿಸಿ. ಬಣ್ಣಕ್ಕಿಂತ ಹೆಚ್ಚಾಗಿ ತೋಳು ಎಷ್ಟುದ್ದ, ಚಪ್ಪಲಿಯೋ ಶೂವೋ, ಬಟ್ಟೆ ಗರಿಗರಿಯೋ ಮೆತ್ತಗೋ ಅಂತ ನೋಡಿ. ಆ ಜಾಗದ ಬರೆಯದ ನಿಯಮ ಇರುವುದು ಅಲ್ಲಿ. ಬರೆದ ನಿಯಮ ಇದ್ದರೆ ಅದನ್ನೂ ಕೇಳಿ ತರಿಸಿ ಓದಿ. "ಇಲ್ಲಿ ಇದೆಲ್ಲ ನಡೆಯಲ್ಲ" ಅಂತ ಪಕ್ಕದವರು ಹೇಳುವ ಎಷ್ಟೋ ಮಾತು ಆ ಹಾಳೆಯಲ್ಲಿ ಇರುವುದೇ ಇಲ್ಲ.

ಜೊತೆಗೆ ಕೆಲಸದಲ್ಲಿ ನಿಮ್ಮ ಮೈ ಏನೇನು ಮಾಡುತ್ತದೆ ಅಂತಲೂ ಬರೆದುಕೊಳ್ಳಿ. ದಿನಕ್ಕೆ ಎಷ್ಟು ಹೊತ್ತು ನಿಲ್ಲುತ್ತೀರಿ, ಎಷ್ಟು ಸಲ ಬಗ್ಗುತ್ತೀರಿ, ಬೋರ್ಡ್ ಮೇಲೆ ಬರೆಯುತ್ತೀರಾ, ಕ್ಯಾಮೆರಾ ಮುಂದೆ ಕೂರುತ್ತೀರಾ, ಬಸ್ಸು ಹತ್ತುತ್ತೀರಾ. ಪ್ರಯೋಗಾಲಯ, ಆಸ್ಪತ್ರೆ, ಕಾರ್ಖಾನೆಯಾದರೆ ಸುರಕ್ಷತೆಯ ನಿಯಮಗಳ ಜೊತೆ ಚೌಕಾಸಿ ಇಲ್ಲ. ತಿರುಗುವ ಯಂತ್ರದ ಹತ್ತಿರ ತೂಗಾಡುವ ತೋಳು, ಸ್ಕಾರ್ಫ್, ಬಿಚ್ಚಿದ ಕೂದಲು ಬೇಡವೇ ಬೇಡ. ಅಲ್ಲಿ ಅಂದ ತೋರಿಸಲು ಬಣ್ಣವಿದೆ, ಒಳ್ಳೆಯ ಅಳತೆ ಇದೆ.

ಹೆಜ್ಜೆ 2: ಬೀರು ಖಾಲಿ ಮಾಡಿ, ಮೈ ಆಡಿಸಿ ನೋಡಿ

ರಜೆಯ ದಿನ ಕೆಲಸಕ್ಕೆ ತೊಡುವ ಬಟ್ಟೆಯನ್ನೆಲ್ಲ ಮಂಚದ ಮೇಲೆ ಹರಡಿ. ಒಂದೊಂದಾಗಿ ತೊಟ್ಟುಕೊಂಡು ಹೀಗೆ ಮಾಡಿ:

ಎರಡೂ ಕೈ ತಲೆ ಮೇಲೆ ಎತ್ತಿ. ಸೊಂಟ ಕಾಣುತ್ತದಾ? ಕುರ್ಚಿಯ ಮೇಲೆ ಕೂತು ಕಾಲ ಮೇಲೆ ಕಾಲು ಹಾಕಿ. ಎಲ್ಲಾದರೂ ಎಳೆಯುತ್ತದಾ? ಕೆಳಗೆ ಬಿದ್ದ ಪೆನ್ನು ಎತ್ತುವ ಹಾಗೆ ಬಗ್ಗಿ, ಕತ್ತಿನ ಹತ್ತಿರ ನೋಡಿಕೊಳ್ಳಿ. ಭುಜಕ್ಕೆ ಬ್ಯಾಗ್ ಹಾಕಿ ಬಿರಬಿರನೆ ನಡೆಯಿರಿ. ಕಿಟಕಿಗೆ ಬೆನ್ನು ಮಾಡಿ ನಿಂತು ಯಾರಿಂದಲಾದರೂ ಒಂದು ಫೋಟೋ ತೆಗೆಸಿ. ಮನೆಯೊಳಗಿನ ದೀಪದಲ್ಲಿ ದಪ್ಪಗೆ ಕಂಡ ಬಟ್ಟೆ ಬಿಸಿಲಲ್ಲಿ ಪಾರದರ್ಶಕ ಆಗಿರಬಹುದು.

ಪಾಸಾದದ್ದು ಒಂದು ಗುಡ್ಡೆ. ಟೈಲರ್ ಹತ್ತಿರ ಹೋಗಬೇಕಾದದ್ದು ಇನ್ನೊಂದು. ಮೂರನೇ ಗುಡ್ಡೆ ಅಂದರೆ, ನೋಡಿದರೆ ಮುದ್ದು ಬರುತ್ತದೆ, ತೊಟ್ಟರೆ ಕಾಟ ಕೊಡುತ್ತದೆ. ಅವು ವಾರಾಂತ್ಯಕ್ಕೆ ಇರಲಿ. ಬಿಸಾಡಬೇಕಾಗಿಲ್ಲ, ಕೆಲಸದ ದಿನದ ಸಾಲಿನಿಂದ ತೆಗೆದರೆ ಸಾಕು.

ಹೊಸ ಬಟ್ಟೆಯಾದರೆ ಇನ್ನೊಂದು ಕೆಲಸ ಮಾಡಿ. ಮನೆಯಲ್ಲೇ ಒಂದು ತಾಸು ತೊಟ್ಟುಕೊಂಡಿರಿ. ಕತ್ತಿನ ಹಿಂದಿನ ಲೇಬಲ್ ಚುಚ್ಚುವುದು, ಶೂ ಹಿಮ್ಮಡಿ ಉಜ್ಜುವುದು, ಸೊಂಟಪಟ್ಟಿ ಸುರುಳಿ ಸುತ್ತಿಕೊಳ್ಳುವುದು, ಇದೆಲ್ಲ ಮೊದಲ ಐದು ನಿಮಿಷದಲ್ಲಿ ಗೊತ್ತಾಗುವುದಿಲ್ಲ.

ಹೆಜ್ಜೆ 3: ಒಳ್ಳೆಯ ಟೈಲರ್ ಹುಡುಕಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಮಾಡುತ್ತೀರಿ ಅನ್ನುವುದಾದರೆ ಇದನ್ನು ಮಾಡಿ. ಅಗ್ಗದ ಬಟ್ಟೆ ಮೈಗೆ ಸರಿಯಾಗಿ ಕೂತರೆ ದುಬಾರಿ ಅನ್ನಿಸುತ್ತದೆ. ದುಬಾರಿ ಬಟ್ಟೆ ಜೋತಾಡಿದರೆ ಯಾರದ್ದೋ ಎರವಲು ತಂದ ಹಾಗಿರುತ್ತದೆ. ಅಂಗಡಿಯ ಸಿದ್ಧ ಉಡುಪು ಯಾವುದೋ ಸರಾಸರಿ ಅಳತೆಗೆ ಕತ್ತರಿಸಿದ್ದು. ನಿಮ್ಮ ಮೈ ಅದಕ್ಕೆ ಹೊಂದದಿದ್ದರೆ ಅದು ನಿಮ್ಮ ಮೈಯ ತಪ್ಪಲ್ಲ.

ನೋಡಬೇಕಾದ ಜಾಗಗಳು ಇವು. ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವ ಕಡೆ ಬರಬೇಕು. ಅದು ಕೆಳಗೆ ಜಾರಿದ್ದರೆ ಜಾಕೆಟ್ ಎಷ್ಟೇ ಚೆಂದ ಇದ್ದರೂ ಬಿಡಿ, ಭುಜ ಬಿಚ್ಚಿ ಹೊಲಿಯುವುದು ಕಷ್ಟದ ಕೆಲಸ, ಖರ್ಚೂ ಜಾಸ್ತಿ. ತೋಳು ಮಣಿಕಟ್ಟಿನ ಮೂಳೆಯ ಹತ್ತಿರ ನಿಲ್ಲಬೇಕು. ಎದೆಯ ಎರಡು ಗುಂಡಿಗಳ ನಡುವೆ ಬಾಯಿ ಬಿಡುತ್ತಿದ್ದರೆ ಒಳಗಡೆ ಒಂದು ಟಿಚ್ ಬಟನ್ ಹಾಕಿಸಿ. ಹತ್ತು ನಿಮಿಷದ ಕೆಲಸ. ಆಮೇಲೆ ಆ ಶರ್ಟ್ ತೊಟ್ಟಾಗ ಎದೆ ಮುಂದೆ ಫೈಲ್ ಹಿಡಿದು ಓಡಾಡುವ ಪಾಡು ತಪ್ಪುತ್ತದೆ. ಪ್ಯಾಂಟಿನ ಉದ್ದ ಅಳತೆ ಕೊಡುವಾಗ ಅದರ ಜೊತೆ ಹಾಕುವ ಶೂ ಹಾಕಿಕೊಂಡೇ ಹೋಗಿ. ಚಪ್ಪಟೆ ಚಪ್ಪಲಿಯಲ್ಲಿ ಅಳತೆ ಕೊಟ್ಟು ಹೀಲ್ಸ್ ಹಾಕಿದರೆ ಪ್ಯಾಂಟ್ ಗಿಡ್ಡ ಆಗುತ್ತದೆ.

ಸೊಂಟ ಬಿಗಿ ಮಾಡುವುದು, ಉದ್ದ ಕಮ್ಮಿ ಮಾಡುವುದು, ಪಕ್ಕದ ಹೊಲಿಗೆ ಒಳಗೆ ತರುವುದು ಸುಲಭ. ಸಡಿಲ ಮಾಡಬೇಕಾದರೆ ಒಳಗೆ ಮಾರ್ಜಿನ್ ಬಟ್ಟೆ ಬಿಟ್ಟಿರಬೇಕು. ಕೊಳ್ಳುವಾಗಲೇ ಬಟ್ಟೆ ತಿರುವಿಹಾಕಿ ನೋಡಿ. ಒಳ್ಳೆಯ ಹೊಲಿಗೆಯವರು ಎರಡು ಬೆರಳಗಲ ಬಿಟ್ಟಿರುತ್ತಾರೆ.

ಹೊಸ ಜಾಕೆಟ್ ಅಥವಾ ಸ್ಕರ್ಟ್ ತಂದರೆ ಹಿಂದಿನ ಸೀಳು ಕಡೆ ನೋಡಿ. ಅಲ್ಲಿ ದಪ್ಪ ದಾರದಲ್ಲಿ ಗುಣಾಕಾರ ಚಿಹ್ನೆಯ ಹಾಗೆ ಒಂದು ಹೊಲಿಗೆ ಇರುತ್ತದೆ. ಅದು ಅಲಂಕಾರ ಅಲ್ಲ, ಸಾಗಿಸುವಾಗ ಮಡಿಕೆ ಕೆಡದಿರಲಿ ಅಂತ ಹಾಕಿದ ಕಚ್ಚಾ ಹೊಲಿಗೆ. ತೊಡುವ ಮುಂಚೆ ಕತ್ತರಿಸಿ ತೆಗೆಯಬೇಕು. ಜೇಬಿನ ಬಾಯಿಗೂ ಇಂಥದೇ ಕಚ್ಚಾ ಹೊಲಿಗೆ ಇರಬಹುದು. ಎಷ್ಟೋ ಹೆಣ್ಣುಮಕ್ಕಳು ಇದಕ್ಕೆ ಜೇಬೇ ಇಲ್ಲ ಅಂದುಕೊಂಡು ವರ್ಷಗಟ್ಟಲೆ ತೊಡುತ್ತಾರೆ.

ಜೇಬಿನ ಮಾತು ಬಂತು, ಹೇಳಲೇಬೇಕು. 2018ರಲ್ಲಿ 20 ಬ್ರ್ಯಾಂಡ್‌ಗಳ ಜೀನ್ಸ್ ಅಳೆದು ನೋಡಿದ ಒಂದು ಲೆಕ್ಕದಲ್ಲಿ, ಹೆಂಗಸರ ಮುಂದಿನ ಜೇಬು ಗಂಡಸರದಕ್ಕಿಂತ ಸರಾಸರಿ ಶೇ. 48ರಷ್ಟು ಗಿಡ್ಡ, ಶೇ. 6.5ರಷ್ಟು ಕಿರಿದು ಅಂತ ಕಂಡುಬಂತು. ಫೋನ್, ಐಡಿ ಕಾರ್ಡ್, ಪೆನ್ನು ಎಲ್ಲವನ್ನೂ ಕೈಯಲ್ಲೇ ಹಿಡಿದು ವೇದಿಕೆ ಹತ್ತುವ ಕಷ್ಟ ನಮಗೇ ಗೊತ್ತು, ಅಲ್ವಾ? ಟೈಲರ್‌ಗೆ ಹೇಳಿದರೆ ಜೇಬಿನ ಚೀಲ ಉದ್ದ ಮಾಡಿಕೊಡುತ್ತಾರೆ. ಪಕ್ಕದ ಹೊಲಿಗೆಯಲ್ಲಿ ಹೊಸ ಜೇಬನ್ನೂ ಇಡಬಹುದು.

ಇನ್ನೊಂದು ಚೆಂದದ ವಿಷಯ. ಫ್ರಾನ್ಸಿನ ಫ್ಯಾಷನ್ ವಿನ್ಯಾಸಕಿ ಕೊಕೊ ಶನೆಲ್ ಅವರ ಜಾಕೆಟ್‌ಗಳ ಒಳಗೆ, ಲೈನಿಂಗಿನ ಕೆಳ ಅಂಚಿನ ಉದ್ದಕ್ಕೂ, ಸಣ್ಣ ಸರಪಳಿಯೊಂದನ್ನು ಹೊಲಿದಿರುತ್ತಾರೆ. ಹೊರಗಿನವರ ಕಣ್ಣಿಗೆ ಅದು ಬೀಳುವುದಿಲ್ಲ. ಅದರ ಭಾರಕ್ಕೆ ಬಟ್ಟೆ ಮೇಲೆ ಸರಿಯದೆ ನೇರ ಇಳಿಯುತ್ತದೆ. ಫ್ಯಾಷನ್ ಅಂದರೆ ಬರೀ ಥಳಕು ಅನ್ನುವವರಿಗೆ ನಾನು ಈ ಸರಪಳಿಯ ಮಾತು ಹೇಳುತ್ತೇನೆ. ಬಟ್ಟೆ ಪ್ರೀತಿಸುವವರಿಗೆ ಇಂಥ ಸೂಕ್ಷ್ಮ ಕಾಣುವ ಕಣ್ಣು ಇರುತ್ತದೆ. ಅದೇ ಕಣ್ಣು ವರದಿಯಲ್ಲಿ ತಪ್ಪಿದ ಅಂಕಿಯನ್ನೂ ಹಿಡಿಯುತ್ತದೆ.

ಹೆಜ್ಜೆ 4: ಒಂದು ವಸ್ತು ಮಾತಾಡಲಿ

ಇಲ್ಲಿಂದ ಖುಷಿಯ ಭಾಗ. ದಿನಾ ತೊಡುವುದಕ್ಕೆ ಒಂದು ಗಟ್ಟಿ ಅಡಿಪಾಯ ಮಾಡಿಕೊಳ್ಳಿ: ನಿಮಗೆ ಒಪ್ಪುವ ಎರಡು ಮೂರು ಆಕಾರ, ಅವುಗಳಿಗೆ ಹೊಂದುವ ಮೂರು ನಾಲ್ಕು ಬಣ್ಣ. ಅದರ ಮೇಲೆ ದಿನಕ್ಕೆ ಒಂದೇ ಒಂದು ವಸ್ತು ಮಾತಾಡಲಿ. ಅದು ಬ್ರೋಚ್ (ಬಟ್ಟೆಗೆ ಚುಚ್ಚಿಕೊಳ್ಳುವ ಅಲಂಕಾರದ ಪಿನ್ನು) ಆಗಬಹುದು, ಶೂ ಆಗಬಹುದು, ಗಾಢ ಬಣ್ಣದ ಜಾಕೆಟ್, ಅಜ್ಜಿಯ ವಾಚ್, ಅಪರೂಪದ ನೇಯ್ಗೆಯ ಸ್ಕಾರ್ಫ್ ಆಗಬಹುದು. ಉಳಿದದ್ದು ಅದಕ್ಕೆ ಜಾಗ ಬಿಟ್ಟು ಕೊಡಬೇಕು.

ಇದನ್ನು ಚೆನ್ನಾಗಿ ಬಳಸಿದವರು ಎಂಥೆಂಥವರು ನೋಡಿ. ಆಂಗೆಲಾ ಮರ್ಕೆಲ್ 2005ರಿಂದ 2021ರವರೆಗೆ ಜರ್ಮನಿಯ ಚಾನ್ಸಲರ್ ಆಗಿದ್ದರು. ಜಾಕೆಟ್ಟಿನ ಆಕಾರ ಹೆಚ್ಚುಕಮ್ಮಿ ಒಂದೇ, ಬಣ್ಣ ಮಾತ್ರ ದಿನಕ್ಕೊಂದು. ಅವರ ಅಡಿಪಾಯ ಎಷ್ಟು ಗಟ್ಟಿ ಅಂದರೆ ಆ ಆಕಾರವೇ ಅವರ ಗುರುತಾಯಿತು.

ಮೆಡೆಲಿನ್ ಆಲ್‌ಬ್ರೈಟ್ ಕಥೆ ನನಗೆ ಇನ್ನೂ ಇಷ್ಟ. ಅವರು ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದಾಗ, ಸದ್ದಾಂ ಹುಸೇನರ ಹಿಡಿತದಲ್ಲಿದ್ದ ಇರಾಕಿನ ಪತ್ರಿಕೆಗಳು ಅವರನ್ನು ಹಾವು ಅಂತ ಬೈದವು. ಇರಾಕಿನ ಅಧಿಕಾರಿಗಳ ಜೊತೆಗಿನ ಮುಂದಿನ ಭೇಟಿಗೆ ಅವರು ಚಿನ್ನದ ಹಾವಿನ ಬ್ರೋಚ್ ಚುಚ್ಚಿಕೊಂಡೇ ಹೋದರು. ಅಲ್ಲಿಂದ ಬ್ರೋಚ್ ಅವರ ಭಾಷೆಯೇ ಆಯಿತು. 1997ರಲ್ಲಿ ಅವರು ಅಮೆರಿಕದ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿಯಾದರು.

ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಾಧೀಶೆಯಾಗಿದ್ದ ರೂತ್ ಬೇಡರ್ ಗಿನ್ಸ್‌ಬರ್ಗ್ ಕೋರ್ಟಿನ ಕಪ್ಪು ನಿಲುವಂಗಿಯ ಮೇಲೆ ಕಾಲರ್ ಹಾಕುತ್ತಿದ್ದರು. ಆ ನಿಲುವಂಗಿ ಹೊಲಿದದ್ದೇ ಗಂಡಸರ ಶರ್ಟ್, ಟೈ ಕಾಣುವ ಹಾಗೆ. ಖಾಲಿ ಉಳಿದ ಆ ಕತ್ತಿನ ಜಾಗವನ್ನು ಅವರು ತಮ್ಮದಾಗಿಸಿಕೊಂಡರು. ಬಹುಮತದ ತೀರ್ಪು ಓದುವ ದಿನ ಒಂದು ಕಾಲರ್, ಭಿನ್ನ ತೀರ್ಪಿನ ದಿನ ಇನ್ನೊಂದು. 2019ರ ಸೆಪ್ಟೆಂಬರ್ 24ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅಧ್ಯಕ್ಷೆ ಲೇಡಿ ಹೇಲ್, ಪಾರ್ಲಿಮೆಂಟನ್ನು ಅಮಾನತಿನಲ್ಲಿಟ್ಟದ್ದು ಕಾನೂನುಬಾಹಿರ ಅಂತ 11 ನ್ಯಾಯಾಧೀಶರ ಒಮ್ಮತದ ತೀರ್ಪು ಓದಿದರು. ಅವರ ಭುಜದ ಮೇಲೆ ದೊಡ್ಡದೊಂದು ಜೇಡರ ಹುಳದ ಬ್ರೋಚ್ ಹೊಳೆಯುತ್ತಿತ್ತು. ಆ ತೀರ್ಪನ್ನು ಅದಕ್ಕಾಗಿ ಯಾರೂ ಹಗುರವಾಗಿ ತೆಗೆದುಕೊಳ್ಳಲಿಲ್ಲ.

ಈ ನಾಲ್ವರಲ್ಲೂ ಒಂದನ್ನು ಗಮನಿಸಿ. ಸುತ್ತಲಿನದು ಶಾಂತ, ಮಾತಾಡುವ ವಸ್ತು ಒಂದು. ಅದನ್ನು ಅವರು ಬೇಕಂತಲೇ ಆರಿಸಿಕೊಂಡಿದ್ದರು. ನಿಮ್ಮ ವಸ್ತು ಹುಡುಕಲು ಈ ಪ್ರಶ್ನೆ ಕೇಳಿಕೊಳ್ಳಿ: ಯಾವುದರ ಬಗ್ಗೆ ಯಾರಾದರೂ ಕೇಳಿದರೆ ನನಗೆ ಹೇಳಲು ಸಂತೋಷ? ಅಂಥದ್ದನ್ನು ಮುಖದ ಹತ್ತಿರ, ಭುಜದ ಮೇಲೆ, ಕತ್ತಿನ ಸುತ್ತ ಇಟ್ಟರೆ ಎದುರಿನವರ ಕಣ್ಣು ನಿಮ್ಮ ಮುಖದ ಕಡೆಗೇ ಬರುತ್ತದೆ. ಒಂದು ಎಚ್ಚರಿಕೆ: ಸದ್ದು ಮಾಡುವುದು ಬೇಡ. ಮೇಜಿಗೆ ತಾಗುವ ಬಳೆ, ಮೈಕಿಗೆ ಬಡಿಯುವ ಕಿವಿಯೋಲೆ ನಿಮ್ಮ ಮಾತನ್ನೇ ತಿನ್ನುತ್ತವೆ.

ಹೆಜ್ಜೆ 5: ಕೊಳ್ಳುವಾಗ

ಬೆಲೆಯನ್ನು ಎಷ್ಟು ಸಲ ತೊಡುತ್ತೀರೋ ಅದರಿಂದ ಭಾಗಿಸಿ. ನೂರು ಸಲ ತೊಡುವ ದುಬಾರಿ ಪ್ಯಾಂಟ್, ಎರಡೇ ಸಲ ತೊಟ್ಟು ಮೂಲೆ ಸೇರುವ ಅಗ್ಗದ ಟಾಪಿಗಿಂತ ಕಮ್ಮಿ ಖರ್ಚಿನದು. ಆದ್ದರಿಂದ ದುಡ್ಡು ಜಾಸ್ತಿ ಹೋಗಬೇಕಾದದ್ದು ದಿನಾ ಬಳಸುವುದಕ್ಕೆ: ಶೂ, ಬ್ಯಾಗ್, ಕಪ್ಪು ಪ್ಯಾಂಟ್, ಜಾಕೆಟ್. ಈ ವರ್ಷ ಬಂದು ಮುಂದಿನ ವರ್ಷ ಹೋಗುವ ಟ್ರೆಂಡ್ ಇಷ್ಟವಾದರೆ ಖಂಡಿತ ತೊಡಿ, ಆದರೆ ಸಣ್ಣ ವಸ್ತುವಿನಲ್ಲಿ.

ಅಂಗಡಿಯಲ್ಲಿ ಬಟ್ಟೆಯ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹತ್ತು ಎಣಿಸುವಷ್ಟು ಹೊತ್ತು ಬಿಗಿಯಾಗಿ ಹಿಡಿದು ಬಿಡಿ. ಸುಕ್ಕು ಹಾಗೇ ಉಳಿದರೆ ಮಧ್ಯಾಹ್ನದ ಹೊತ್ತಿಗೆ ನಿಮ್ಮ ಮಡಿಲೂ ಹಾಗೇ ಇರುತ್ತದೆ. ಲಿನನ್ ಸುಕ್ಕಾಗುವುದು ಅದರ ಗುಣ, ಅದನ್ನು ಒಪ್ಪುವ ಜಾಗಕ್ಕೆ ಮಾತ್ರ ಇರಲಿ. ಚೌಕಳಿ ಅಥವಾ ಪಟ್ಟೆ ಇದ್ದರೆ ಪಕ್ಕದ ಹೊಲಿಗೆಯಲ್ಲಿ ಗೆರೆಗೆ ಗೆರೆ ಸೇರುತ್ತದಾ ನೋಡಿ. ಅದು ಸೇರಿದ್ದರೆ ಹೊಲಿದವರು ಉಳಿದ ಕಡೆಯೂ ಜೋಪಾನ ಮಾಡಿರುತ್ತಾರೆ. ಬಣ್ಣವನ್ನು ಹಗಲು ಬೆಳಕಿನಲ್ಲಿ ನೋಡಿಯೇ ತೀರ್ಮಾನ ಮಾಡಿ. ಅಂಗಡಿಯ ದೀಪದಲ್ಲಿ ಕಡುನೀಲಿಯೂ ಕಪ್ಪೂ ಒಂದೇ ಥರ ಕಾಣುತ್ತವೆ.

ಹೆಜ್ಜೆ 6: ಜೋಪಾನ

ವಾರಕ್ಕೊಂದು ಸಂಜೆ, ಅರ್ಧ ಗಂಟೆ ಸಾಕು. ಸಡಿಲವಾದ ಗುಂಡಿ ಬೀಳುವ ಮುಂಚೆಯೇ ಬಿಗಿ ಮಾಡಿ. ಬಟ್ಟೆಯ ಜೊತೆ ಬರುವ ಹೆಚ್ಚುವರಿ ಗುಂಡಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಡಿ. ಹೀಲ್ಸ್‌ನ ತುದಿಯ ರಬ್ಬರ್ ಸವೆದು ಮೊಳೆ ಟಕ್ ಟಕ್ ಅನ್ನಲು ಶುರುವಾದರೆ ಅವತ್ತೇ ರಿಪೇರಿಗೆ ಕೊಡಿ, ತಡವಾದರೆ ಹೀಲ್ಸೇ ಹಾಳಾಗುತ್ತದೆ. ಉಣ್ಣೆ ಬಟ್ಟೆಗೆ ಒಂದು ದಿನ ತೊಟ್ಟರೆ ಒಂದು ದಿನ ಬಿಡುವು ಕೊಡಿ, ಎಳೆ ತಾನಾಗಿ ಹಿಗ್ಗಿ ಆಕಾರಕ್ಕೆ ಬರುತ್ತದೆ. ಸ್ವೆಟರ್ ಹ್ಯಾಂಗರಿಗೆ ಹಾಕಬೇಡಿ, ಭುಜ ಜೋತುಬೀಳುತ್ತದೆ, ಮಡಚಿ ಇಡಿ. ಡ್ರೈಕ್ಲೀನಿಂಗ್‌ನಿಂದ ಬಂದ ಪ್ಲಾಸ್ಟಿಕ್ ಹೊದಿಕೆ ತೆಗೆದುಬಿಡಿ, ಬಟ್ಟೆಗೆ ಗಾಳಿಯಾಡಲಿ.

ಕೆಲಸದ ಡೆಸ್ಕಿನಲ್ಲಿ ಒಂದು ಸಣ್ಣ ಚೀಲ ಇರಲಿ. ಅದರೊಳಗೆ ಸೇಫ್ಟಿ ಪಿನ್ನು, ಸೂಜಿ ದಾರ, ಎರಡೂ ಕಡೆ ಅಂಟುವ ಟೇಪ್, ಕಲೆ ಒರೆಸುವ ಬಟ್ಟೆ, ಹಿಮ್ಮಡಿಗೆ ಬ್ಯಾಂಡೇಜ್ ಪಟ್ಟಿ ಇಡಿ. ನಿಮಗಿಂತ ಜಾಸ್ತಿ ಪಕ್ಕದವರಿಗೇ ಅದು ಬೇಕಾಗುತ್ತದೆ.

ಹೆಜ್ಜೆ 7: ದೊಡ್ಡ ದಿನಗಳು

ಸಂದರ್ಶನ, ವೇದಿಕೆ, ಕ್ಯಾಮೆರಾ. ಇಂಥ ದಿನಕ್ಕೆ ಹೊಸ ಬಟ್ಟೆ ಬೇಡ. ಕಮ್ಮಿ ಅಂದರೂ ಎರಡು ಸಲ ತೊಟ್ಟು ಪಳಗಿಸಿದ್ದೇ ಇರಲಿ. ಹಿಂದಿನ ರಾತ್ರಿಯೇ ಒಳ ಉಡುಪಿನಿಂದ ಹಿಡಿದು ಕೂದಲ ಕ್ಲಿಪ್‌ವರೆಗೆ ಎಲ್ಲ ಒಂದೇ ಕಡೆ ತೆಗೆದಿಡಿ. ಬೆಳಗಿನ ತಲೆ ಉತ್ತರಗಳ ಕಡೆಗೆ ಇರಬೇಕು.

ವೇದಿಕೆಯಾದರೆ ಮೈಕ್ ಯಾವುದು ಅಂತ ಮೊದಲೇ ಕೇಳಿ. ಕಾಲರ್ ಮೈಕ್ ಆದರೆ ಅದನ್ನು ಸಿಕ್ಕಿಸಲು ಕಾಲರ್ ಅಥವಾ ಗುಂಡಿಪಟ್ಟಿ ಬೇಕು, ಅದರ ಪೆಟ್ಟಿಗೆ ಸಿಕ್ಕಿಸಲು ಬೆಲ್ಟ್ ಅಥವಾ ಗಟ್ಟಿ ಸೊಂಟಪಟ್ಟಿ ಬೇಕು. ಉದ್ದನೆಯ ಒಂದೇ ತುಂಡಿನ ಉಡುಪು ತೊಟ್ಟು ಹೋದರೆ ಆ ಪೆಟ್ಟಿಗೆಗೆ ಜಾಗವೇ ಇರುವುದಿಲ್ಲ. ವೇದಿಕೆ ಮೇಲೆ ಎತ್ತರದ ಸ್ಟೂಲ್ ಇದ್ದರೆ ಪ್ಯಾಂಟ್ ಅಥವಾ ಪಾದದವರೆಗಿನ ಉಡುಪು ಒಳ್ಳೆಯದು. ಕ್ಯಾಮೆರಾ ಇದ್ದರೆ ಸಣ್ಣ ಸಣ್ಣ ಪಟ್ಟೆ, ಒತ್ತೊತ್ತಾದ ಚೌಕಳಿ ಬಿಡಿ, ಪರದೆಯಲ್ಲಿ ಗೆರೆಗಳು ಅಲೆಯ ಹಾಗೆ ನಡುಗುತ್ತವೆ. ಹಿಂದಿನ ಪರದೆ ಹಸಿರಾಗಿದ್ದರೆ ಹಸಿರು ತೊಡಬೇಡಿ.

ಇಷ್ಟಾದ ಮೇಲೂ ಚಟ್ನಿಯೋ ಶಾಯಿಯೋ ಬಿದ್ದರೆ? ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ವಿದ್ಯಾರ್ಥಿಗಳಿಗೆ ಮುಜುಗರ ತರುವಂಥ ಗಾಯಕನ ಚಿತ್ರದ ಟೀ ಶರ್ಟ್ ತೊಡಿಸಿ, ಜನ ಕೂತ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ನನ್ನ ಶರ್ಟ್ ನೋಡಿರುತ್ತಾರೆ ಅಂತ ತೊಟ್ಟವರು ಅಂದುಕೊಂಡರು. ನಿಜವಾಗಿ ಗುರುತಿಸಿದವರು ಸುಮಾರು ಕಾಲು ಭಾಗ. 2000ದಲ್ಲಿ ಪ್ರಕಟವಾದ ಈ ಅಧ್ಯಯನ ನನಗೆ ಎಷ್ಟೋ ಸಲ ಧೈರ್ಯ ಕೊಟ್ಟಿದೆ. ಕಲೆಯ ಮೇಲೆ ಕೈ ಇಟ್ಟುಕೊಂಡು ನಿಲ್ಲಬೇಡಿ. ಎಲ್ಲರ ಕಣ್ಣು ಅಲ್ಲಿಗೇ ಹೋಗುವುದು ನಿಮ್ಮ ಕೈಯಿಂದ.

ಹೆಜ್ಜೆ 8: ಬಾಯಿಮಾತು

ಬಟ್ಟೆಗಿಂತ ಕಷ್ಟ ಇದು. ಯಾರಾದರೂ ಚೆನ್ನಾಗಿದೆ ಅಂದರೆ ನಾವು ತಕ್ಷಣ ಏನನ್ನುತ್ತೇವೆ? "ಅಯ್ಯೋ, ಹಳೇದು ಇದು, ಸೇಲ್‌ನಲ್ಲಿ ತಗೊಂಡಿದ್ದು." ಬೇಡ. "ಥ್ಯಾಂಕ್ಸ್, ನನಗೂ ತುಂಬಾ ಇಷ್ಟ" ಅನ್ನಿ. ಆಮೇಲೆ ಕೆಲಸದ ಮಾತಿಗೆ ಬನ್ನಿ. ನಿಮ್ಮ ಆಸೆಯನ್ನು ನೀವೇ ಕೀಳು ಮಾಡಿದರೆ ಎದುರಿನವರಿಗೆ ಅದು ಪಾಠವಾಗುತ್ತದೆ.

ಕುಟುಕು ಮಾತಾದರೆ ಬೇರೆ. ಒಂದು ಸಲ ಮೀಟಿಂಗ್ ಶುರುವಾಗುವ ಮುಂಚೆ ಹಿರಿಯರೊಬ್ಬರು ಎಲ್ಲರ ಎದುರು ನನ್ನ ಹಳದಿ ಜಾಕೆಟ್ ನೋಡಿ, "ಏನ್ ಮೇಡಂ, ಇವತ್ತು ಫೋಟೋಶೂಟ್ ಇದೆಯಾ?" ಅಂದರು. ಕೆಲವರು ನಕ್ಕರು. ನನಗೆ ಮುಖ ಬಿಸಿಯಾಯಿತು. "ಇಲ್ಲ ಸರ್, ಬಜೆಟ್ ಇದೆ. ಮೂರನೇ ಪುಟದಿಂದ ಶುರು ಮಾಡೋಣ್ವಾ?" ಅಂದೆ. ಬೇರೇನೂ ಹೇಳಲಿಲ್ಲ. ಎಲ್ಲರೂ ಪುಟ ತಿರುವಿದರು. ಇಂಥ ಹೊತ್ತಿಗೆ ಕೆಲಸದ ವಾಕ್ಯವೊಂದು ನಾಲಿಗೆ ತುದಿಯಲ್ಲಿ ಸಿದ್ಧ ಇರಬೇಕು. ಅದೇ ವ್ಯಕ್ತಿ ಮತ್ತೆ ಮತ್ತೆ ಮಾಡಿದರೆ ಒಬ್ಬರೇ ಸಿಕ್ಕಾಗ ನೇರ ಹೇಳಿ: "ಸರ್, ನನ್ನ ಬಟ್ಟೆ ಬಗ್ಗೆ ಮೀಟಿಂಗ್‌ನಲ್ಲಿ ಮಾತಾಡೋದು ಬೇಡ." ದಿನಾಂಕ, ಮಾತು ಬರೆದಿಡಿ. ಮಾತು ಮೈ ಬಗ್ಗೆ ತಿರುಗಿದರೆ ಅದು ಕಿರುಕುಳ, ದೂರು ಕೊಡಬೇಕಾದ ವಿಷಯ.

ಸಂಸ್ಥೆಯೇ ನಿಮ್ಮ ಉಡುಪಿನ ಬಗ್ಗೆ ತಕರಾರು ತೆಗೆದರೆ ಎರಡು ಪ್ರಶ್ನೆ ಕೇಳಿ. ಈ ನಿಯಮ ಎಲ್ಲಿ ಬರೆದಿದೆ? ಗಂಡಸರಿಗೂ ಇದೆಯಾ? ಲಂಡನ್ನಿನಲ್ಲಿ 2015ರ ಡಿಸೆಂಬರಿನಲ್ಲಿ ಒಬ್ಬ ರಿಸೆಪ್ಷನಿಸ್ಟ್ ಹೀಲ್ಸ್ ಹಾಕಿಲ್ಲ ಅಂತ ಸಂಬಳವಿಲ್ಲದೆ ಮನೆಗೆ ಹೋಗಬೇಕಾಯಿತು. ಗಂಡಸರಿಗೂ ಹೀಲ್ಸ್ ಹಾಕಲು ಹೇಳುತ್ತೀರಾ ಅಂತ ಅವರು ಕೇಳಿದ್ದರು. ಮರುವರ್ಷ ಅವರ ಮನವಿಗೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು, ವಿಷಯ ಪಾರ್ಲಿಮೆಂಟಿಗೂ ಹೋಯಿತು. ಅಮೆರಿಕದ ಸೆನೆಟ್ ಸಭಾಂಗಣದಲ್ಲಿ ಹೆಂಗಸರು ಪ್ಯಾಂಟ್ ತೊಡುವಂತಾದದ್ದೂ 1993ರಲ್ಲಿ, ಸೆನೆಟರ್‌ಗಳಾದ ಬಾರ್ಬರಾ ಮಿಕುಲ್ಸ್ಕಿ, ಕ್ಯಾರೊಲ್ ಮೋಸ್ಲಿ ಬ್ರೌನ್ ಪ್ಯಾಂಟ್ ತೊಟ್ಟೇ ಒಳಗೆ ನಡೆದ ಮೇಲೆ.

ಮೀಟಿಂಗ್‌ನಲ್ಲಿ ಮೊದಲ ಐದು ನಿಮಿಷದೊಳಗೆ ಒಂದು ತೂಕದ ಮಾತು ಆಡಿ. ಒಂದು ಅಂಕಿ, ಒಂದು ಪ್ರಶ್ನೆ, ಏನಾದರೂ ಸರಿ. ನೀವು ಮಾಡಿದ ಕೆಲಸದ ಮೇಲೆ ನಿಮ್ಮ ಹೆಸರು ಇರಲಿ. ಬಟ್ಟೆ ಬಾಗಿಲು ತೆಗೆಯಬಹುದು, ಒಳಗೆ ಕೂರಿಸುವುದು ತಯಾರಿ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಬೇರೆ ಹೆಣ್ಣುಮಕ್ಕಳ ಬಟ್ಟೆ ಆಡಿಕೊಳ್ಳುವ ಗುಂಪಿನಲ್ಲಿ ನಿಲ್ಲಬೇಡಿ. ಕೇಳಿದವರಿಗೆ ಧಾರಾಳವಾಗಿ ಹೇಳಿಕೊಡಿ, ಟೈಲರ್ ನಂಬರ್ ಕೊಡಿ.

ಹೋದ ತಿಂಗಳು ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿ ಮೊದಲ ಪ್ರೆಸೆಂಟೇಶನ್‌ಗೆ ಹತ್ತು ನಿಮಿಷ ಇರುವಾಗ ನನ್ನ ಹತ್ತಿರ ಬಂದಳು. ಕೆಂಪು ಜಾಕೆಟ್, ಕಿವಿಯಲ್ಲಿ ಪುಟ್ಟ ಮುತ್ತು. "ಮೇಡಂ, ಇದು ಜಾಸ್ತಿ ಆಯ್ತಾ?" ಅಂತ ಕೇಳಿದಳು.

"ಕೈ ಎತ್ತು ನೋಡೋಣ" ಅಂದೆ.

ಎರಡೂ ಕೈ ಎತ್ತಿದಳು. ಜಾಕೆಟ್ ಇದ್ದಲ್ಲೇ ಇತ್ತು. ಹಿಂದೆ ತಿರುಗಿಸಿ ನೋಡಿದೆ, ಸೀಳಿನ ಕಚ್ಚಾ ಹೊಲಿಗೆ ಹಾಗೇ ಇತ್ತು. ಡೆಸ್ಕಿನ ಚೀಲದಿಂದ ಕತ್ತರಿ ತಂದು ದಾರ ತೆಗೆದೆ.

"ಸರಿಯಾಗಿದೆ. ಎರಡನೇ ಸ್ಲೈಡಿನ ಮೊತ್ತ ಇನ್ನೊಂದ್ಸಲ ಕೂಡಿಸಿ ನೋಡ್ಕೋ, ಹೋಗು."